ಹಳೆಯ ಕಂಪ್ಯೂಟರಿನಲ್ಲಿದ್ದ ಆ ದಿನ

ಹೊಸ ಕಂಪ್ಯೂಟರು ಮನೆಗೆ ಬಂದು ಹನ್ನೊಂದು ದಿನವಾಯಿತು. ಹಳೆಯದನ್ನೇ ರಿಪೇರಿ ಮಾಡಿಸುತ್ತೇನೆ ಎಂದು ಹಟ ಹಿಡಿದು ಹೊರಟವಳು ನಾನು. ಹೊಸದನ್ನು ಯಾಕೆ ತಂದೆ ಎಂಬುದನ್ನು ಈಗಲೇ ಬರೆದಿಡಬೇಕು. ಒಂದು ತಿಂಗಳು ಬಿಟ್ಟರೆ ನನಗೆ ಅನುಕೂಲವಾಗುವಂಥ ಕಾರಣವೊಂದು ತಾನಾಗಿ ಹುಟ್ಟಿಕೊಳ್ಳುತ್ತದೆ.

ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ದಿನಚರಿ ಬರೆಯುತ್ತಿದ್ದೇನೆ. ಜೊಯಿಡಾದಲ್ಲಿ ಕೆಲಸ ಸಿಕ್ಕ ಮೇಲೆ ಒಂದು ಕಂಪ್ಯೂಟರು ಕೊಂಡು ಅದರಲ್ಲೇ ಟೈಪು ಮಾಡತೊಡಗಿದೆ. ಅವ್ವ ದಾಂಡೇಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ವರ್ಷದ ದಿನಚರಿಯೂ ಅದರಲ್ಲೇ ಇತ್ತು. ಆಗ ಅವ್ವನ ಪಕ್ಕದಲ್ಲಿದ್ದವಳು ಹಳಿಯಾಳಕ್ಕೆ ಕೊಟ್ಟ ನನ್ನ ಅಕ್ಕ. ಕೊನೆಯ ದಿನ ಅವ್ವ "ಸಣ್ಣಾಕಿ ಬಂದ್ಲೇನು?" ಎಂದು ಸಂಜೆಯವರೆಗೂ ಕೇಳುತ್ತಲೇ ಇದ್ದಳಂತೆ. ನಾನು ಹೋಗಲಾಗಲಿಲ್ಲ. ಮಳೆಗೆ ರಸ್ತೆಗಡ್ಡ ಮರ ಬಿದ್ದು ಜೊಯಿಡಾದಿಂದ ಬಸ್ಸೇ ಹೊರಡಲಿಲ್ಲ. ಇದು ನಾನು ಇಷ್ಟು ವರ್ಷ ಹೇಳುತ್ತ ಬಂದದ್ದು. ಕಣ್ಣು ಮುಚ್ಚಿದರೆ ಆ ಮರ ಕಾಣುತ್ತಿತ್ತು: ಮತ್ತಿ ಮರ, ಕೆಂಪು ಮಣ್ಣು ಮೆತ್ತಿದ ಬೇರು, ಕೊಡಲಿ ಹಿಡಿದ ಇಬ್ಬರು.

ಪ್ರತಿ ವರ್ಷ ಅಕ್ಕನ ಮನೆಯಲ್ಲಿ ಅವ್ವನಿಗೆ ಎಡೆ ಇಡುತ್ತೇವೆ. ಫೋಟೋದ ಮುಂದೆ ಅವಳಿಗೆ ಇಷ್ಟವಾದ ಹೋಳಿಗೆ, ಬದನೆಕಾಯಿ ಪಲ್ಯ, ಒಂದು ಹೊಸ ಸೀರೆ. ಸೀರೆ ತರುವುದು ನನ್ನ ಪಾಲು. ಈ ಸಲ ನಾನು ಒಳಗೆ ಕಾಲಿಡುತ್ತಿದ್ದಂತೆ ಅಕ್ಕ ಒಲೆಯ ಮುಂದಿನಿಂದಲೇ ಕೂಗಿದಳು:

"ಬಂದೇನವಾ? ಎಡಿಗೆ ಮಾತ್ರ ನಿನಗ ಬಸ್ ತಪ್ಪೂದಿಲ್ಲ ನೋಡ."

ಹೋಳಿಗೆ ಲಟ್ಟಿಸುತ್ತಿದ್ದ ಅವಳ ನಾದಿನಿ ಮುಸಿಮುಸಿ ನಕ್ಕಳು.

"ಮರಾ ಬಿದ್ದಿತ್ತಕ್ಕಾ. ಎಷ್ಟ ಸಲ ಹೇಳ್ಬೇಕು?"

"ಆ ಮರಾ ವರ್ಷಾ ವರ್ಷಾ ದೊಡ್ಡದಾಗಾಕತ್ತೈತಿ. ಹ್ವಾದ ವರ್ಷ ಇಬ್ಬರು ಕಡದಿದ್ರು, ಈ ವರ್ಷ ಎಷ್ಟ ಮಂದಿ?"

ನನಗೆ ಸಿಟ್ಟು ನೆತ್ತಿಗೇರಿತು. "ಅವತ್ತಿಂದೆಲ್ಲಾ ಅವತ್ತ ಕಂಪ್ಯೂಟರಿನ್ಯಾಗ ಬರದಿಟ್ಟೇನಿ. ತಾರೀಖ ಸಮೇತ ತಗದ ತೋರಸ್ತೇನಿ. ಆಮ್ಯಾಲ ಏನಂತಿ?"

"ತೋರಸು. ಅವ್ವನ ಫೋಟೋದ ಮುಂದ ನಿಂತು ನಿನ್ನ ಕ್ಷಮಾ ಕೇಳ್ತೇನಿ."

ಆದರೆ ಆ ಕಂಪ್ಯೂಟರು ಎರಡು ವರ್ಷದಿಂದ ಸರಿಯಾಗಿ ಏಳುತ್ತಿರಲಿಲ್ಲ. ಗುಂಡಿ ಒತ್ತಿದರೆ ಫ್ಯಾನು ಕೂಗುತ್ತಿತ್ತು, ಪರದೆ ಕಪ್ಪಗೇ ಉಳಿಯುತ್ತಿತ್ತು. ಹಾಸಿಗೆಯ ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದಾಂಡೇಲಿಗೆ ಒಯ್ದೆ. ಅಂಗಡಿಯವನು ಅದನ್ನು ಬಿಚ್ಚಿ, ಧೂಳು ಊದಿ, ತಲೆ ಅಲ್ಲಾಡಿಸಿದ.

"ಹೊಸಾ ಡಿಸ್ಕ್ ಹಾಕಬೋದ್ರಿ, ರ‍್ಯಾಮ್ ಹಾಕಬೋದು. ಆದ್ರ ಇದಕ್ಕ ಕೂಡೂವಂಥಾ ರ‍್ಯಾಮ್ ಹುಬ್ಬಳ್ಳ್ಯಾಗ ಹಳೇದು ಹುಡುಕಬೇಕು. ನಾಳೆ ಬೋರ್ಡ್ ಹೋತಂದ್ರ ನನ್ನ ಬೈಬ್ಯಾಡ್ರಿ. ಹೊಸಾದ ತಗೊಂಡ ಬಿಡ್ರಿ ಮೇಡಂ."

"ಬ್ಯಾಡ, ಇದ ಬೇಕು. ಇದರಾಗ ನನ್ನ ಹಳೇ ಬರವಣಿಗಿ ಐತಿ."

"ಅದಕ್ಕ ಇಡೀ ಡಬ್ಬಿ ಯಾಕ್ರಿ ಹೊತಗೊಂಡ ಅಡ್ಡ್ಯಾಡ್ತೀರಿ? ಡಿಸ್ಕ್ ತಗದು ನನ್ನ ಮಷಿನ್ನಿಗೆ ಹಚ್ಚತೇನಿ. ಐತೋ ಇಲ್ಲೋ ನೋಡಕೊಳ್ರಿ."

ಹಚ್ಚಿದ. ವರ್ಷಗಳ ಹೆಸರು ಹೊತ್ತ ಫೋಲ್ಡರುಗಳು ಸಾಲಾಗಿ ಬಂದವು. ಆ ದಿನವನ್ನು ತೆರೆದೆ. ಬರೆದದ್ದು ಸ್ವಲ್ಪವೇ.

"ಅಕ್ಕನ ಫೋನು, ಇವತ್ತೇ ಬಾ ಎಂದಳು. ಎರಡು ಗಂಟೆಯ ಬಸ್ಸು ಬಂತು. ಸ್ಟ್ಯಾಂಡಿನಲ್ಲೇ ಇದ್ದೆ, ಹತ್ತಲಿಲ್ಲ. ಹೋದರೆ ಮತ್ತೆ ಅಕ್ಕನ ಮಾತು, ಮತ್ತೆ ಆ ವಾರ್ಡಿನ ವಾಸನೆ. ನಾಳೆ ಹೋಗುತ್ತೇನೆ."

ಮರವೂ ಇತ್ತು, ಐದು ದಿನ ಬಿಟ್ಟು. ಅವ್ವನ ಕಾರ್ಯ ಮುಗಿಸಿ ಜೊಯಿಡಾಕ್ಕೆ ಮರಳುವಾಗ ಬಸ್ಸು ನಿಲ್ಲಿಸಿದ ಮರ. ಮತ್ತಿ ಮರವೇ. ಕೊಡಲಿ ಹಿಡಿದವರೂ ಇಬ್ಬರೇ. ಮರದ ಬಗ್ಗೆ ನಾನು ಹೇಳುತ್ತಿದ್ದುದೆಲ್ಲ ನಿಜ. ಅದನ್ನು ಐದು ದಿನ ಹಿಂದಕ್ಕೆ ಎಳೆದು ತಂದು ಅವ್ವನಿಗೂ ನನಗೂ ನಡುವೆ ಅಡ್ಡ ಹಾಕಿಕೊಂಡಿದ್ದೆ, ಅಷ್ಟೇ. ಯಾವಾಗ ಎಳೆದೆ ಎಂದು ಮುಂದಿನ ಪುಟಗಳಲ್ಲಿ ಹುಡುಕಿದೆ. ಅದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

"ಸಿಕ್ತೇನ್ರಿ?" ಅಂಗಡಿಯವನು ಕೇಳಿದ.

"ಸಿಕ್ತು."

"ಹಂಗಾರ ಹುಬ್ಬಳ್ಳಿಗೆ ಫೋನ್ ಹಚ್ಚಲೇನ್ರಿ?"

"ಬ್ಯಾಡ. ಹೊಸಾದನ್ನ ಕೊಡ್ರಿ."

"ಈಗರ ದಾರಿಗೆ ಬಂದ್ರಿ! ಇದನ್ನೆಲ್ಲಾ ಅದರಾಗ ಹಾಕಿ ಕೊಡ್ತೇನಿ."

"ಏನೂ ಹಾಕಬ್ಯಾಡ್ರಿ."

ಅವನು ಇನ್ನೊಮ್ಮೆ ಕೇಳಿದ ಎಂದು ನೆನಪು. ಕೇಳದೆಯೂ ಇರಬಹುದು. ಕೇಳಿದ್ದರೆ ನಾನು ಎರಡು ಸಲ ಬೇಡ ಎಂದ ಹಾಗಾಯಿತು. ಡಿಸ್ಕನ್ನು ಅಲ್ಲೇ ಬಿಟ್ಟು ಬರುವ ಧೈರ್ಯವೂ ಆಗಲಿಲ್ಲ. ಅದೀಗ ನನ್ನ ಕಪಾಟಿನಲ್ಲಿ ಸೀರೆಗಳ ಕೆಳಗಿದೆ.

ಮೊನ್ನೆ ಅಕ್ಕ ತಾನಾಗಿಯೇ ಫೋನು ಮಾಡಿದಳು. "ಏನಾತವಾ ನಿನ್ನ ಕಂಪ್ಯೂಟರು? ತೋರಸ್ತೇನಿ ಅಂದಿದ್ದಿ."

"ಕೆಟ್ಟ ಹೋತಕ್ಕಾ. ಒಳಗಿಂದು ಏನೂ ಉಳೀಲಿಲ್ಲ."

ನಗುತ್ತಾಳೆ ಎಂದುಕೊಂಡೆ, ಆ ನಗೆಗೆ ತಯಾರಾಗಿಯೂ ಇದ್ದೆ. ಅವಳು ನಗಲಿಲ್ಲ.

"ಹೋಗ್ಲಿ ಬಿಡ. ಬರದಿಟ್ಟೇನಿ ಅಂದ್ರ ಬರದಿಟ್ಟಿರ್ತಿ, ನನಗ ಗೊತ್ತಿಲ್ಲೇನು? ನಾನೂ ಭಾಳ ಅಂದೆ ನಿನಗ. ಅವ್ವ ಕೇಳಕೋಂತ ಕೇಳಕೋಂತ ಹ್ವಾದ್ಲು, ಆ ಸಂಕಟಕ್ಕ ಅಂದ್ನಿ. ಇನ್ನ ಆ ಮಾತ ಎತ್ತಂಗಿಲ್ಲ."

ಆಗ ಹೇಳಬಹುದಿತ್ತು. ಕಪಾಟು ಕೈಯಳತೆಯಲ್ಲೇ ಇತ್ತು.

"ಇರ್ಲಿ ಬಿಡಕ್ಕಾ," ಎಂದೆ, ಕ್ಷಮಿಸುವವಳ ದನಿಯಲ್ಲಿ.