ಕೆಂಪು ನಾಯಿ ಮತ್ತು ನನ್ನ ಬಲಗಾಲು

ನಮ್ಮ ಮನೆಯಲ್ಲಿ ಮೂರು ನಾಯಿಗಳಿವೆ, ಒಂದಕ್ಕೂ ಹೆಸರಿಲ್ಲ. ಇಡೋಣ ಎಂದು ಹೆಂಡತಿ ಹೇಳುತ್ತಲೇ ಇರುತ್ತಾಳೆ, ನಾನು ಮುಂದೂಡುತ್ತಲೇ ಇರುತ್ತೇನೆ. ಕರಿಯದು, ಚುಕ್ಕೆಯದು, ಕೆಂಪಿನದು, ಅಷ್ಟೇ. "ಲೇ" ಎಂದು ಕೂಗಿದರೆ ಮೊದಲೆರಡು ಓಡಿ ಬರುತ್ತವೆ, ಜೊತೆಗೆ ಪಕ್ಕದ ಮನೆಯವನೂ "ಏನ್ಲಾ?" ಎಂದು ಇಣುಕುತ್ತಾನೆ. ಕೆಂಪಿನದು ಮಾತ್ರ ಬರುತ್ತಿರಲಿಲ್ಲ. ಯಾಕೆ ಬರುವುದಿಲ್ಲ ಎಂದು ತಿಳಿಯಲು ನನಗೆ ಒಂದು ವರ್ಷವೇ ಬೇಕಾಯಿತು.

ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವನು. ನೆಂಟರ ಮನೆಗೆಂದು ಸತ್ತೇಗಾಲಕ್ಕೆ ಹೋಗಿದ್ದಾಗ ಆ ನಾಯಿಯನ್ನು ಒಂದು ಆಲೆಮನೆಯ ಹಿಂದೆ ಕಂಡೆ. ಬೆಲ್ಲ ಕಾಯಿಸುವ ಹೊಗೆಯ ನಡುವೆ, ಕಬ್ಬಿನ ಸಿಪ್ಪೆಯ ರಾಶಿಗೆ ಆತುಕೊಂಡು ಕೂತಿತ್ತು. ಕತ್ತಿಗೆ ಹಗ್ಗವಲ್ಲ, ತಂತಿ ಕಟ್ಟಿದ್ದರು. ತಂತಿ ಚರ್ಮದೊಳಕ್ಕೆ ಇಳಿದಿತ್ತು. ಅಲ್ಲಿದ್ದವನನ್ನು ಕೇಳಿದರೆ, "ಬೇಕಾದ್ರೆ ತಕಂಡೋಗಿ ಸಾ, ತಿನ್ನಕ್ಕೇ ಉಟ್ಟಿರದು ಅದು" ಎಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂಬುದು ನಮ್ಮ ಬೀದಿಗೆಲ್ಲ ಗೊತ್ತು. ಆವತ್ತು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಲಗೇಜ್ ಆಟೋ ಹಿಡಿದು ನಾಯಿಯನ್ನು ಮನೆಗೆ ತಂದೆ.

ದನದ ಡಾಕ್ಟರು ತಂತಿ ಕತ್ತರಿಸಿ ಗಾಯಕ್ಕೆ ಔಷಧಿ ಹಚ್ಚಿದರು. ಆಮೇಲೆ ಪಕ್ಕೆಯನ್ನು ಸವರಿ, "ಎರಡು ಮೂಳೆ ಮುರಿದು ಸೊಟ್ಟಗೆ ಕೂಡ್ಕೊಂಡಿವೆ ಕಣ್ರಿ" ಎಂದರು. ನಾನು ಹೂಂ ಎಂದೆ. ಯಾವುದರ ಏಟು ಎಂದು ಕೇಳಲಿಲ್ಲ. ಕೋಲಿನದೇ ಇರಬೇಕು ಅಂದುಕೊಂಡೆ.

ಗಾಯ ಒಣಗಿತು, ಮೈಯಲ್ಲಿ ಮಾಂಸ ಬಂತು. ಆದರೆ ಹತ್ತಿರ ಬರಲಿಲ್ಲ. ಅನ್ನ ಇಟ್ಟು ದೂರ ಹೋದರೆ ತಿನ್ನುತ್ತಿತ್ತು, ನಿಂತರೆ ತಿನ್ನುತ್ತಿರಲಿಲ್ಲ. ಒಂದು ಸಲವಾದರೂ ಅದರ ತಲೆಯ ಮೇಲೆ ಕೈಯಿಡಬೇಕು ಎಂಬ ಆಸೆ ನನಗೆ ಹಟವಾಗಿ ಹಿಡಿಯಿತು. ಇದು ಯಾವುದಕ್ಕೆ ಹೆದರುತ್ತದೆ ಎಂದು ಒಂದೊಂದಾಗಿ ಪರೀಕ್ಷೆ ಮಾಡತೊಡಗಿದೆ. ಅಂಗಳದಲ್ಲಿ ಕೋಲು ಇಟ್ಟು ಒಳಗೆ ಹೋದೆ. ಅದು ಬಂದು ಮೂಸಿ, ಕೋಲನ್ನು ಕಚ್ಚಿಕೊಂಡು ಹೋಗಿ ಮಧ್ಯಾಹ್ನವೆಲ್ಲ ಅಗಿಯಿತು. ಮೀಸೆಗೆ ಹೆದರುತ್ತದೇನೋ ಎಂದು ಮೀಸೆ ಬೋಳಿಸಿದೆ. ಹೆಂಡತಿ ಎರಡು ದಿನ ನನ್ನ ಮುಖ ನೋಡಿ ನೋಡಿ ನಕ್ಕಳು, ನಾಯಿ ಮಾತ್ರ ಇದ್ದಲ್ಲೇ ಇತ್ತು. ಬೀಡಿ ವಾಸನೆಯೇ ಎಂದು ಬೀಡಿಯನ್ನೂ ಬಿಟ್ಟೆ. ಅದರಿಂದ ಲಾಭವಾದದ್ದು ನನಗೆ.

ಆಮೇಲೊಂದು ದಿನ ಬೆಳಿಗ್ಗೆ ಮಗ್ಗದಲ್ಲಿ ಕೂತಿದ್ದೆ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ ತೋಡಿರುತ್ತದೆ. ಅದರ ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಬಿಟ್ಟು, ಅಲ್ಲಿರುವ ಹಲಗೆ ತುಳಿಯುತ್ತಾ ನೇಯಬೇಕು. ರೇಷ್ಮೆಗೆ ರೋಮ ಅಂಟುತ್ತದೆಂದು ಮಗ್ಗದ ಕೋಣೆಗೆ ನಾಯಿಗಳು ಬರುವಂತಿಲ್ಲ. ಅಂಥದ್ದರಲ್ಲಿ ಕೆಂಪಿನದು ತಾನಾಗಿಯೇ ಹೊಸ್ತಿಲು ದಾಟಿ ಬಂದು, ಗುಂಡಿಯ ಅಂಚಿಗೆ ಗಲ್ಲವಿಟ್ಟು ಮಲಗಿತು. ಅದರ ಮೂಗು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಲಾಳಿ ಬಿಟ್ಟು ಮೆಲ್ಲಗೆ ಅದರ ತಲೆಯ ಮೇಲೆ ಕೈಯಿಟ್ಟೆ. ಅಲುಗಾಡಲಿಲ್ಲ. ಖುಷಿಗೆ ಇನ್ನೊಂದು ಕೈಯನ್ನೂ ಚಾಚಲು ಮೇಲೆದ್ದೆ ನೋಡಿ, ಅಷ್ಟರಲ್ಲಿ ಬಾಲ ಮುದುರಿಕೊಂಡು ಹಿತ್ತಲು ಸೇರಿತು.

ಅಲ್ಲಿಂದ ದಿನಾ ಬರತೊಡಗಿತು. ಕೂತಿದ್ದರೆ ನೆಂಟ, ಎದ್ದರೆ ಶತ್ರು. ಮಗ್ಗದ ಸದ್ದು ಅದಕ್ಕೆ ಇಷ್ಟ ಎಂದು ನಾನು ತೀರ್ಮಾನ ಮಾಡಿ ಬೀದಿಗೆಲ್ಲ ಹೇಳಿಕೊಂಡು ಬಂದೆ. ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಂಗಳದಲ್ಲಿ ಹಾಕಿದೆ. ಕರಿಯದು, ಚುಕ್ಕೆಯದು ಬಂದು ಮೊಬೈಲು ನೆಕ್ಕಿದವು. ಕೆಂಪಿನದು ಆಕಳಿಸಿತು. ಈ ಪರೀಕ್ಷೆಯನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಸದ್ದು ಕೇಳಕ್ಕೆ ಬತ್ತದಾ ಅದು? ಗುಂಡೀಲಿ ನಿಮ್ಮ ಕಾಲು ಕಾಣಕ್ಕಿಲ್ಲ, ಅದ್ಕೆ ಬತ್ತದೆ. ಯಾರೋ ಒದ್ದು ಒದ್ದು ಪಕ್ಕೆ ಮುರ್ದವ್ರೆ" ಎಂದಳು.

ನಾನು ತಲೆದೂಗಿ ಆಲೆಮನೆಯವನನ್ನು ಮತ್ತೊಮ್ಮೆ ಬೈಯಲು ಬಾಯಿ ತೆರೆದೆ.

"ಅವುನ್ನ ಬೈಯದು ಇರ್ಲಿ. ಇದು ಬಂದ ವಾರ್ದಲ್ಲೇ ನೀವು ಕರೀದುಕ್ಕೆ ಒದ್ರಲ್ಲ, ಇದು ಮೂಲೇಲಿ ಕೂತ್ಕಂಡು ನೋಡ್ತಿತ್ತು" ಎಂದಳು.

ಇದನ್ನು ನಾನು ಮೊದಲೇ ಬರೆಯಬೇಕಿತ್ತು, ಬರೆಯದೆ ಬಂದೆ. ನೇಯುವ ಮೊದಲು ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟುತ್ತೇವೆ. ಆವತ್ತು ಕರಿಯದು ಚರಂಡಿಯಲ್ಲಿ ಹೊರಳಿ ಬಂದು ಆ ಎಳೆಗಳ ಮೇಲೆ ಎಗರಿತ್ತು. ಒಂದು ಸೀರೆಯ ಹಾಸು ಹಾಳಾಯಿತು. ಸಿಟ್ಟಿನಲ್ಲಿ ಬಲಗಾಲೆತ್ತಿ ಒದ್ದೆ. ಅದು ಕುಂಯ್ಗುಟ್ಟಿ ಅತ್ತ ಬಿತ್ತು. ಸಂಜೆಗೆ ಮತ್ತೆ ಬಾಲ ಅಲ್ಲಾಡಿಸುತ್ತಾ ಬಂದದ್ದರಿಂದ ನಾನು ಮರೆತೇಬಿಟ್ಟಿದ್ದೆ. ಮರೆತಿರಲಿಲ್ಲ, ಮರೆತಂತೆ ಇದ್ದೆ. ಹೆಂಡತಿಯ ಮಾತು ಕೇಳಿ ನನಗೆ ಬಹಳ ನಾಚಿಕೆಯಾಯಿತು.

ಅದೇ ಹೊತ್ತಿಗೆ ನನ್ನ ಮಂಡಿ ಕೈಕೊಟ್ಟಿತು. ಇನ್ನು ಗುಂಡಿಗೆ ಇಳಿಯಬಾರದು ಎಂದರು ಮಂಡಿ ನೋಡಿದ ಡಾಕ್ಟರು. ಗುಂಡಿ ಮುಚ್ಚಿ, ನೆಲದ ಮೇಲೆ ಮರದ ಚೌಕಟ್ಟಿನ ಮಗ್ಗ ನಿಲ್ಲಿಸಿ, ಬೆಂಚಿನಲ್ಲಿ ಕೂತು ನೇಯಬೇಕು. ಅಂದರೆ ಎರಡು ಕಾಲೂ ಎಲ್ಲರ ಕಣ್ಣೆದುರು ಎದ್ದು ಬೀಳುತ್ತವೆ, ದಿನವಿಡೀ. ಒದೆಯುವಂತೆಯೇ ಕಾಣುತ್ತದೆ. ನಾನು ಒಂದು ತಿಂಗಳು ಸಬೂಬು ಹೇಳಿದೆ. "ನಾಯಿಗೋಸ್ಕರ ಮಂಡಿ ಕಳ್ಕತೀರಾ?" ಎಂದಳು ಹೆಂಡತಿ. ನಾನೇ ಹೋಗಿ ಬಡಗಿಗೆ ಹೇಳಿ ಬಂದೆ. ಬಡಗಿ ಬಂದ, ಗುಂಡಿಗೆ ಮಣ್ಣು ಬಿತ್ತು.

ಹೊಸ ಮಗ್ಗದಲ್ಲಿ ಮೊದಲ ದಿನ ನಾನು ನೇಯ್ದದ್ದು ಕಡಿಮೆ, ನನ್ನ ಪಾದ ನೋಡಿದ್ದೇ ಹೆಚ್ಚು. ಇಷ್ಟು ವರ್ಷ ಕತ್ತಲಲ್ಲಿ ಕೆಲಸ ಮಾಡಿದ ಪಾದಗಳು ಬಿಳಿಚಿಕೊಂಡಿದ್ದವು. ಕೆಂಪಿನದು ಹೊಸ್ತಿಲ ತನಕ ಬಂತು, ಹಲಗೆ ಏಳುವುದನ್ನೂ ಬೀಳುವುದನ್ನೂ ನೋಡಿತು, ಹೋಯಿತು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಬರಲೇ ಇಲ್ಲ.

ಕರಿಯದಕ್ಕೆ ಆ ಹೊಸ ಮಣ್ಣಿನ ತಂಪು ಹಿಡಿಸಿತು. ಮಗ್ಗದ ಕೆಳಗೆ ನುಸುಳಿ, ನನ್ನ ಕಾಲಿಗೆ ಬೆನ್ನು ಒತ್ತಿ ಮಲಗತೊಡಗಿತು. ರೋಮದ ಮಾತೆತ್ತದೆ ಸುಮ್ಮನಿದ್ದೆ. ಒದ್ದವನಿಗೆ ಅದನ್ನು ಓಡಿಸುವ ಮುಖ ಎಲ್ಲಿತ್ತು? ಹಲಗೆ ತುಳಿಯುವಾಗ ಅದರ ಹೊಟ್ಟೆ ಕಾಲಿಗೆ ತಗುಲುತ್ತಿತ್ತು. ಪ್ರತಿ ಸಲ ಕಾಲನ್ನು ನಿಧಾನಕ್ಕೆ ಎತ್ತಿ ನಿಧಾನಕ್ಕೆ ಇಳಿಸುವುದು ಅಭ್ಯಾಸವಾಯಿತು. ಒಂದು ಸೀರೆಗೆ ಎರಡು ದಿನ ಹೆಚ್ಚು ಹಿಡಿಯಿತು.

ಕೆಂಪಿನದು ಹೊಸ್ತಿಲಿಗೆ ಮರಳಿ ಬಂತು. ಅಲ್ಲಿಂದ ನೋಡುತ್ತಿತ್ತು. ನನ್ನ ಮುಖವನ್ನಲ್ಲ, ಕರಿಯದನ್ನು. ವಾರದ ಮೇಲೆ ಒಂದು ಮಾರು ಒಳಗೆ ಬಂತು, ಇನ್ನೊಂದು ವಾರಕ್ಕೆ ಇನ್ನೊಂದು ಮಾರು. ನಾನು ಕರೆಯಲಿಲ್ಲ, ಯಾವ ಪರೀಕ್ಷೆಯನ್ನೂ ಮಾಡಲಿಲ್ಲ.

ಮೊನ್ನೆ ಬೆಳಿಗ್ಗೆ ಅದು ಮಗ್ಗದ ಕೆಳಗೆ ಬಂತು. ಕರಿಯದರ ಮೂತಿ ಮೂಸಿತು, ಪಕ್ಕೆ ಮೂಸಿತು. ಎಡಗಾಲಿನ ಪಕ್ಕ ಬೇಕಾದಷ್ಟು ಜಾಗವಿತ್ತು. ಅದನ್ನು ಬಿಟ್ಟು ಇತ್ತ ಕಡೆ ಬಂದು, ಸೊಟ್ಟ ಪಕ್ಕೆಯನ್ನು ನನ್ನ ಬಲ ಪಾದದ ಮೇಲೆ ಹಾಕಿ ಮಲಗಿತು. ಉಸಿರಾಡಿದಾಗಲೆಲ್ಲ ಆ ಎರಡು ಮೂಳೆಗಳು ಪಾದಕ್ಕೆ ಒತ್ತುತ್ತಿದ್ದವು.

"ಮಗ್ಗದ್ ಸದ್ದೇ ಇಲ್ವಲ್ಲ, ಉಣ್ಣಕ್ಕೆ ಬತ್ತೀರಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಈಗ ಏಳುವುದಿಲ್ಲ ಎಂದೆ.