ಫ್ರಾವ್ ಶ್ಮಿಟ್ಸ್ ರಸ್ತೆಯಲ್ಲಿ ಕಾರು ನಿಲ್ಲಿಸಿದಾಗ

ಲಾರಿ ಫುಟ್‌ಪಾತ್ ಹತ್ತಿತು. ಅದರ ಬದಿ ನನ್ನ ಮಗಳ ಸ್ಕೂಲ್ ಬ್ಯಾಗಿಗೆ ಉಜ್ಜಿಕೊಂಡು ಹೋಯಿತು.

ಎದುರಿನಿಂದ ಇನ್ನೊಂದು ಲಾರಿ ಬಂದಿತ್ತು, ಇದು ಅದಕ್ಕೆ ಜಾಗ ಬಿಟ್ಟಿದ್ದು. ಮಗಳು ಗೋಡೆಗೆ ಒತ್ತಿ ನಿಂತಿದ್ದಳು. ಬ್ಯಾಗಿನ ಪಟ್ಟಿ ಹರಿದಿತ್ತು, ಅಷ್ಟೇ... ಆದರೆ ಅವತ್ತಿನಿಂದ ಬಸ್ ಹತ್ತಿಸುವವರೆಗೂ ನಾನು ಅವಳ ಕೈ ಬಿಡುತ್ತಿರಲಿಲ್ಲ.

ನಾವಿರುವುದು ಜರ್ಮನಿಯ ಆಖೆನ್ ಪಟ್ಟಣದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಹಳ್ಳಿಯಲ್ಲಿ. ಒಂದು ಚರ್ಚ್, ಒಂದು ಬೇಕರಿ, ಒಂದೇ ಒಂದು ದೊಡ್ಡ ರಸ್ತೆ. ಯಜಮಾನರ ಕಂಪನಿ ಹತ್ತಿರವೆಂದು ಧಾರವಾಡ ಬಿಟ್ಟು ಇಲ್ಲಿ ಮನೆ ಮಾಡಿ ನಾಲ್ಕು ವರ್ಷವಾಯಿತು.

ಹೈವೇ ಸೇತುವೆಯಲ್ಲಿ ಬಿರುಕು ಬಿಟ್ಟಿದೆ ಎಂದು ಅದನ್ನು ಮುಚ್ಚಿದ ಮೇಲೆ ಲಾರಿಗಳೆಲ್ಲ ನಮ್ಮ ಹಳ್ಳಿಯೊಳಗಿಂದಲೇ ಓಡತೊಡಗಿದ್ದವು. ಬಸ್‌ಸ್ಟಾಪಿಗೆ ಹೋಗುವ ಫುಟ್‌ಪಾತ್ ಒಬ್ಬರು ನಡೆಯುವಷ್ಟೇ ಅಗಲ.

ನಾನು ರಾಟ್‌ಹೌಸ್‌ಗೆ ಹೋದೆ. ಅದೇ, ನಮ್ಮ ಪಂಚಾಯಿತಿ ಆಫೀಸಿನ ಹಾಗೆ. ಹೇಳಬೇಕಾದ್ದನ್ನೆಲ್ಲ ಜರ್ಮನ್‌ನಲ್ಲಿ ಚೀಟಿ ಬರೆದುಕೊಂಡು ಹೋಗಿ ಓದಿದೆ.

ಮೇಯರ್ ಸಮಾಧಾನದಿಂದ ಕೇಳಿಸಿಕೊಂಡರು. ರಸ್ತೆ ತಮ್ಮದಲ್ಲ, ರಾಜ್ಯದ್ದು, ಅಲ್ಲಿಗೆ ಬರೆಯಿರಿ ಎಂದರು. ಬರೆದೆ. ಪರಿಶೀಲಿಸುತ್ತೇವೆ ಎಂದು ಒಂದು ಸಾಲಿನ ಉತ್ತರ ಬಂತು. ಆಮೇಲೆ ಏನೂ ಇಲ್ಲ.

ಎದುರು ಮನೆಯ ಫ್ರಾವ್ ಶ್ಮಿಟ್ಸ್‌ಗೆ, ಅಂದರೆ ಶ್ರೀಮತಿ ಶ್ಮಿಟ್ಸ್‌ಗೆ, ಎಪ್ಪತ್ತಾರು ವರ್ಷ. ಮೊದಲು ಇದೇ ಹಳ್ಳಿಯಲ್ಲಿ ಮನೆಮನೆಗೆ ಅಂಚೆ ಹಂಚುತ್ತಿದ್ದವರು. ನನ್ನ ಪತ್ರದ ಕಥೆ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ರಸ್ತೆ ನಮ್ಮದಲ್ಲ, ಸರಿ. ಆದರೆ ಅಲ್ಲಿ ಕಾರು ನಿಲ್ಲಿಸಬಾರದು ಅಂತ ಬೋರ್ಡ್ ಎಲ್ಲಿದೆ?"

ಬೋರ್ಡ್ ಎಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಬಸ್‌ಸ್ಟಾಪಿನಿಂದ ಟೇಪ್ ಹಿಡಿದು ಹದಿನೈದು ಮೀಟರ್ ಅಳೆದರು. ಅಷ್ಟು ದೂರ ಬಿಡಬೇಕೆಂಬುದು ನಿಯಮ. ಆಮೇಲೆ ತಮ್ಮ ಹಳೆಯ ಹಸಿರು ಕಾರನ್ನು ಫುಟ್‌ಪಾತಿಗೆ ತಾಗಿದಂತೆ ರಸ್ತೆಯ ಮೇಲೆ ನಿಲ್ಲಿಸಿ, ಬೀಗ ಹಾಕಿ, ಬ್ರೆಡ್ ತರಲು ಹೋದರು.

ಲಾರಿಗಳು ನಿಂತವು. ಒಂದೊಂದೇ, ಮೆಲ್ಲಗೆ, ಕಾರನ್ನು ಬಳಸಿಕೊಂಡು ಹೋದವು. ಕಾರಿನ ಮರೆಯಲ್ಲಿ ಮಕ್ಕಳು ಆರಾಮಾಗಿ ನಡೆದರು.

ಆದರೆ ಒಂದು ಕಾರು ಸಾಲದಲ್ಲ. ನಮ್ಮದನ್ನೂ ನಿಲ್ಲಿಸೋಣ ಎಂದೆ. ಯಜಮಾನರ ಮುಖ ಸಣ್ಣದಾಯಿತು.

"ಪರ್ಮನೆಂಟ್ ರೆಸಿಡೆನ್ಸಿ ಅರ್ಜಿ ಇನ್ನೂ ಆಫೀಸಿನಾಗ ಐತಿ. ನಾಳೆ ಪೊಲೀಸ್ರು ಬಂದ್ರ ಏನ್ ಮಾಡೂದು?"

"ತಪ್ಪು ಮಾಡಿದ್ರ ಅಂಜಬೇಕ್ರೀ. ಕೂಸು ದಿನಾ ಅದ ದಾರ್ಯಾಗ ಹೋಗತೈತಲ್ಲ."

ಅವರು ಕೀ ತಗೊಂಡು ಎದ್ದರು.

ಮೂರನೆಯ ದಿನ ಬೇಕರಿಯ ವ್ಯಾನ್ ಸೇರಿತು. ವಾರದೊಳಗೆ ಆರು ಗಾಡಿಗಳು. ಕೆಲವು ಡ್ರೈವರುಗಳು ಹಾರ್ನ್ ಬಾರಿಸಿದರು, ಒಬ್ಬ ಕಿಟಕಿ ಇಳಿಸಿ ಏನೇನೋ ಬೈದ. ನನಗೆ ಅರ್ಧ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

ಎರಡನೆಯ ವಾರ ಪೊಲೀಸರು ಬಂದೇಬಿಟ್ಟರು.

ಯಾರೋ ದೂರು ಕೊಟ್ಟಿದ್ದರಂತೆ. ಅಧಿಕಾರಿ ಒಂದೊಂದು ಗಾಡಿಯ ಜಾಗವನ್ನೂ ಅಳೆಯುತ್ತಿದ್ದಾರೆ, ಯಜಮಾನರು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಯಾರೂ ಅದನ್ನು ಕೇಳಿರಲಿಲ್ಲ.

ಎಲ್ಲವೂ ನಿಯಮದಂತಿದೆ ಎಂದರು ಅಧಿಕಾರಿ.

ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಫ್ರಾವ್ ಶ್ಮಿಟ್ಸ್ ಆ ಅಧಿಕಾರಿಯನ್ನು ನಮ್ಮ ಗಾಡಿಗಳ ಸಾಲು ಮುಗಿಯುವ ತಿರುವಿಗೆ ಕರೆದುಕೊಂಡು ಹೋದರು. ಹತ್ತೇ ನಿಮಿಷದಲ್ಲಿ ಎರಡು ಲಾರಿಗಳು ಅವರ ಕಣ್ಣೆದುರೇ ಫುಟ್‌ಪಾತ್ ಹತ್ತಿ ಇಳಿದವು. ಅಧಿಕಾರಿ ಫೋಟೋ ತೆಗೆದು, ಬರೆದುಕೊಂಡು ಹೋದರು.

ನನ್ನ ಪತ್ರದಿಂದ ಆಗದ ಕೆಲಸ ಆ ರಿಪೋರ್ಟಿನಿಂದ ಆಯಿತು. ಕಳೆದ ತಿಂಗಳು ಫುಟ್‌ಪಾತಿನ ಅಂಚಿಗೆ ಕಬ್ಬಿಣದ ಕಂಬ ನೆಟ್ಟರು. ಮೂವತ್ತರ ಸ್ಪೀಡ್ ಬೋರ್ಡ್ ಬಂತು, ದೊಡ್ಡ ಲಾರಿಗಳಿಗೆ ಬೇರೆ ದಾರಿ ಕೊಟ್ಟರು. ನಮ್ಮ ರೆಸಿಡೆನ್ಸಿಗೂ ಏನೂ ಆಗಲಿಲ್ಲ. ಕಾರ್ಡ್ ಬಂದ ದಿನ ಯಜಮಾನರು ತಾವಾಗಿಯೇ ಫ್ರಾವ್ ಶ್ಮಿಟ್ಸ್‌ಗೆ ಒಂದು ಡಬ್ಬಿ ಶೇಂಗಾ ಉಂಡೆ ಕೊಟ್ಟು ಬಂದರು.

ಈ ಸೋಮವಾರ ನಾನು ಚಪ್ಪಲಿ ಮೆಟ್ಟುವಾಗ ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಮಮಾ, ಅಲೈನ್."

ಒಬ್ಬಳೇ ಹೋಗುತ್ತಾಳಂತೆ.

ಹೂಂ ಅಂದೆ. ಕಿಟಕಿಯ ಪರದೆಯ ಹಿಂದೆ ನಿಂತೆ. ಅವಳು ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗಿ ಬಸ್ ಹತ್ತಿದಳು. ತಿರುಗಿ ಕೂಡ ನೋಡಲಿಲ್ಲ. ಒಳಗೆ ಚಹಾ ಉಕ್ಕಿ ಒಲೆಯ ತುಂಬ ಹರಿದಿತ್ತು... ಎಷ್ಟೋ ತಿಂಗಳ ಮೇಲೆ ನಿಧಾನವಾಗಿ ಉಸಿರು ಬಿಟ್ಟೆ.

ಮಕ್ಕಳನ್ನು ಮೊದಲ ಸಲ ಒಬ್ಬರನ್ನೇ ಕಳಿಸಿದ ದಿನ ನೀವು ಯಾವ ಕಿಟಕಿಯ ಹಿಂದೆ ನಿಂತಿದ್ದಿರಿ?