ಅಣ್ಣನ ಪೈಪಿಗೆ ಎರಡು ಕೊಳವೆ

ತಂಬಾಕು ಸೇದುವ ಪೈಪಿನ ರಿಪೇರಿಗೆ ಬಂದವರ ಬಾಯನ್ನು ಮೊದಲು ನೋಡಿ, ಆಮೇಲೆ ಪೈಪಿನ ಕಡೆ ಕಣ್ಣು ಹಾಯಿಸುವ ಆಸಾಮಿ ಅವನು. ಹಾಗಾಗಿ ಆ ಬೀದಿಯಲ್ಲಿ ಅವನಿಗೆ ಹಲ್ಲುಮೇಷ್ಟ್ರು ಎಂದೇ ಹೆಸರು. ಹಲ್ಲು ಅಲುಗಾಡುತ್ತದೆಯೇ, ಕಟ್ಟಿಸಿದ್ದೇ, ಎಡಕ್ಕೆ ಕಚ್ಚುತ್ತೀರೋ ಬಲಕ್ಕೋ ಎಂದು ದಂತವೈದ್ಯರೂ ಕೇಳದ ಪ್ರಶ್ನೆಗಳನ್ನು ಕೇಳುತ್ತಿದ್ದ. ಅಷ್ಟೆಲ್ಲ ವಿಚಾರಣೆಯಾದ ಮೇಲೆ ಬಾಯಲ್ಲಿ ಕಚ್ಚುವ ತುದಿಗೆ ಕೊಡುತ್ತಿದ್ದುದು ಮಾತ್ರ ಒಂದೇ, ಗಟ್ಟಿ ರಬ್ಬರಿನ ಕಪ್ಪು ಕೊಳವೆ. ಮತ್ತೆ ಕೇಳಿದ್ದೇಕೆ ಎಂದು ಯಾರೂ ಕೇಳಲಿಲ್ಲ.

ರಬ್ಬರು ಹಲ್ಲಿಗೆ ಹಿತ, ಕಚ್ಚಿದರೆ ಒಂದಿಷ್ಟು ಬಗ್ಗಿಕೊಡುತ್ತದೆ. ಆದರೆ ದಿನಾ ಸೇದಿ ದಿನಾ ಒರೆಸಿಡುವವರಿಗಷ್ಟೇ ಅದು ಸರಿ. ಬಿಸಿಲಿಗೆ ಬಿಟ್ಟರೆ ಹಸಿರುಗಟ್ಟಿ ಗಂಧಕ ನಾರುತ್ತದೆ. ಪ್ಲಾಸ್ಟಿಕ್ಕಾದರೆ ಕಲ್ಲು ಕಚ್ಚಿದ ಹಾಗೆ, ಆದರೆ ಹತ್ತು ವರ್ಷ ಬಿಸಿಲಲ್ಲಿದ್ದರೂ ಹೊಳಪು ಮಾಸುವುದಿಲ್ಲ. ಇದು ಆ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ. ಇಷ್ಟಕ್ಕೇ ಒಡಹುಟ್ಟಿದವರು ಮಾತು ಬಿಟ್ಟರೆಂದರೆ ನಂಬುವುದು ಕಷ್ಟ, ಆದರೆ ಬಿಟ್ಟರು.

ಅವನೂ ಅವನ ಅಣ್ಣನೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಹದಿನೆಂಟು ವರ್ಷ ಅರ ಉಜ್ಜಿದವರು. ಒಂದು ದಿನ ಅಣ್ಣ ಜೇನುಬಣ್ಣದ ಪ್ಲಾಸ್ಟಿಕ್ ಸರಳುಗಳ ಕಟ್ಟು ತಂದ. ಜನ ಕಣ್ಣಿಗೆ ಚೆಂದ ಕಂಡದ್ದನ್ನು ಕೊಳ್ಳುತ್ತಾರೆ, ನಾವೂ ಮಾಡೋಣ ಎಂದ. ಗಿರಾಕಿಯ ಎದುರಿಗೇ ತಮ್ಮ, ಇದೇನು ಆಟಿಕೆ ಅಂಗಡಿಯೇ ಎಂದು ನಕ್ಕು, ಆ ಕಟ್ಟನ್ನು ಎತ್ತಿ ಕಸದ ಡಬ್ಬಕ್ಕೆ ಹಾಕಿದ. ಅಣ್ಣ ಕೈ ತೊಳೆದುಕೊಂಡು, ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೋದವನು ಹನ್ನೆರಡು ವರ್ಷ ಇತ್ತ ತಲೆ ಹಾಕಲಿಲ್ಲ. ಅಣ್ಣನೇ ಬರಲಿ ಎಂದು ಇವನು, ತಮ್ಮನೇ ಬರಲಿ ಎಂದು ಅವನು. ಏಪ್ರನ್ ಅಲ್ಲೇ ಧೂಳು ತಿನ್ನುತ್ತಿತ್ತು.

ಒಂದು ಬೆಳಿಗ್ಗೆ ಅತ್ತಿಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದು ಅಣ್ಣತಮ್ಮಂದಿರು ಕೂಡಿ ಮಾಡಿದ ಮೊಟ್ಟಮೊದಲ ಪೈಪು. ಕೊಳವೆ ಮುರಿದಿತ್ತು.

"ಹೊಸದು ಹಾಕ್ಕೊಡಿ. ನೀವೇ ಹಾಕ್ಬೇಕಂತೆ," ಎಂದಳು.

ಆ ಒಂದು 'ನೀವೇ' ಕೇಳಿ ಹಲ್ಲುಮೇಷ್ಟ್ರು ಪೈಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ತನ್ನ ಮಾಮೂಲಿ ಪ್ರಶ್ನೆ ಕೇಳಿದ. ಮುಂದಿನ ನಾಲ್ಕು ಹಲ್ಲು ಬಿದ್ದಿವೆ ಎಂದಳು ಅತ್ತಿಗೆ. ಇನ್ನೇನೂ ಕೇಳುವುದಿಲ್ಲವೇ ಎಂಬಂತೆ ಸ್ವಲ್ಪ ಹೊತ್ತು ನಿಂತೂ ನೋಡಿದಳು. ಹಲ್ಲಿನ ವಿಷಯ ತಿಳಿದರೆ ಸಾಕು, ಮಿಕ್ಕಿದ್ದು ನನಗೆ ಬಿಡಿ ಎಂದ.

ಯಾರಿಗೂ ತಿಳಿಯದ ಹಾಗೆ, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಅವನು ಮೊದಲು ಮಾಡಿದ್ದು ಪ್ಲಾಸ್ಟಿಕ್ಕಿನದು. ಜೇನುಬಣ್ಣದ್ದೇ. ಅದನ್ನು ಹಾಕಿ ಕಳಿಸಿದರೆ ಅಣ್ಣನಿಗೆ ಬೇರೆ ಮಾತೇ ಬೇಕಿಲ್ಲ, ತಪ್ಪಾಯಿತು ಎಂದಂತೆಯೇ. ಆಮೇಲೆ ರಬ್ಬರಿನದನ್ನೂ ಮಾಡಿದ. ಎರಡೂ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತವು. ಅತ್ತಿಗೆ ಬರುವ ದಿನ ಎರಡನ್ನೂ ಮುಂದಿಟ್ಟುಕೊಂಡು ಲೆಕ್ಕವಿಲ್ಲದಷ್ಟು ಸಲ ತೆಗೆದು ಹಾಕಿ ಮಾಡಿದ. ಕೊನೆಗೆ ರಬ್ಬರನ್ನೇ ಸಿಕ್ಕಿಸಿ, ಇನ್ನೊಂದನ್ನು ಡ್ರಾಯರಿಗೆ ತಳ್ಳಿದ. ಅಣ್ಣನ ಬೊಚ್ಚುಬಾಯಿಗೆ ಹಿತವಾಗಲಿ ಎಂದು ಹೀಗೆ ಮಾಡಿದೆ ಎಂದುಕೊಂಡ. ಅದು ಅರ್ಧ ನಿಜ. ಕಚ್ಚಿ ನೋಡಿ ಅಣ್ಣ ಸೋಲೊಪ್ಪಿಕೊಳ್ಳಲಿ ಎನ್ನುವುದು ಇನ್ನರ್ಧ, ಅದನ್ನು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಮೂರು ತಿಂಗಳು ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಕತ್ತೆತ್ತಿ ನೋಡಿದ. ಅಣ್ಣ ಬರಲಿಲ್ಲ. ಕಡೆಗೆ ನಾಚಿಕೆ ಬಿಟ್ಟು ತಾನೇ ಹೋದ.

ಮೂರನೇ ಮಹಡಿಯ ಮನೆ. ಪಡುವಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಣ್ಣ ಕೂತಿದ್ದ, ಕತ್ತಿನಲ್ಲಿ ಆಪರೇಷನ್ನಿನ ಗೆರೆ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಪೈಪು. ಸಂಜೆ ಬಿಸಿಲು ನೇರ ಅದರ ಮೇಲೆ. ಕಪ್ಪು ಕೊಳವೆ ಪಾಚಿಯ ಹಾಗೆ ಹಸಿರುಗಟ್ಟಿತ್ತು.

"ಸೇದೋದು ಬಿಟ್ಟು ಎರಡು ವರ್ಷ ಆಯ್ತು," ಎಂದ ಅಣ್ಣ, ಗೊಗ್ಗರು ದನಿಯಲ್ಲಿ. "ಸುಮ್ನೆ ನೋಡ್ಕೊಂಡಿರೋಣ ಅಂತ ತರಿಸ್ದೆ."

"ಅತ್ತಿಗೆ ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ."

ಹಲ್ಲುಮೇಷ್ಟ್ರು ನಿಂತಲ್ಲೇ ಕುಗ್ಗಿಹೋದ. ಎಂಥ ಬಾಯಿ ಎಂದು ಊರಿಗೆಲ್ಲ ಕೇಳಿದವನು, ಇದು ಬಾಯಿಗೆ ಹೋಗುತ್ತದೆಯೇ ಎಂದು ಅಣ್ಣನ ವಿಷಯದಲ್ಲಿ ಕೇಳಿರಲಿಲ್ಲ. ಹೇಗಾದರೂ ಸರಿಮಾಡಬೇಕೆಂಬ ಆತುರದಲ್ಲಿ ಒಳಗಿದ್ದದ್ದನ್ನೆಲ್ಲ ಹೊರಹಾಕಿದ.

"ಇನ್ನೊಂದಿದೆ ಅಣ್ಣಾ. ಜೇನುಬಣ್ಣದ್ದು. ಮೊದ್ಲು ಅದನ್ನೇ ಮಾಡಿದ್ದೆ. ನಾಳೆ ತಂದು ಹಾಕ್ತೀನಿ."

ಈ ಮಾತಿಗೆ ಅಣ್ಣ ಕರಗುತ್ತಾನೆ ಎಂದುಕೊಂಡಿದ್ದ.

"ಮಾಡಿಟ್ಕೊಂಡೂ ಕೊಡ್ಲಿಲ್ಲ," ಎಂದ ಅಣ್ಣ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಒಳಗೆ ಸರಿದಳು.

"ಬೇಡ, ಇದೇ ಇರ್ಲಿ," ಎಂದ ಅಣ್ಣ. "ಬಂದೋರು ಈ ಹಸಿರು ನೋಡಿ, ಯಾರು ಮಾಡಿದ್ದು ಅಂತ ಕೇಳ್ತಾರೆ. ನನ್ನ ತಮ್ಮ ಅಂತೀನಿ."

ಹೊರಡುವ ಮುನ್ನ ಹಲ್ಲುಮೇಷ್ಟ್ರು ಕೈ ತಡೆಯಲಾರದೆ ಗಾಜಿನ ಪೆಟ್ಟಿಗೆಯನ್ನು ಎರಡು ಗೇಣು ಆಚೆಗೆ, ಗೋಡೆಯ ನೆರಳಿಗೆ ಸರಿಸಿದ. ಮೆಟ್ಟಿಲಿಳಿದು ಬೀದಿಗೆ ಬಂದು ಕತ್ತೆತ್ತಿ ನೋಡಿದಾಗ ಪೆಟ್ಟಿಗೆ ಮತ್ತೆ ಬಿಸಿಲಿಗೆ ಬಂದು ಕೂತಿತ್ತು.